ಸಾಂಬ್ರಾಕ್ಕೆ ಬಂದ ವಿಮಾನ: ನಿಂತದ್ದೆಷ್ಟು, ಹಾರಿಹೋದದ್ದೆಷ್ಟು?

ಸಾಂಬ್ರಾ ವಿಮಾನ ನಿಲ್ದಾಣಕ್ಕೆ ದೊಡ್ಡ ಕಟ್ಟಡ ಬೇಕೆಂದು ಕೇಳಿ ಕೇಳಿ ಬೆಳಗಾವಿಯ ಗಂಟಲು ಒಣಗಿತ್ತು. ಕಡೆಗೂ 2024ರ ಮಾರ್ಚ್ 10ರಂದು ಪ್ರಧಾನಿ ನರೇಂದ್ರ ಮೋದಿಯವರು ಉತ್ತರ ಪ್ರದೇಶದ ಆಜಂಗಢದಲ್ಲಿ ನಿಂತು ಇಲ್ಲಿಯ ಅಡಿಗಲ್ಲು ಹಾಕಿದರು. ಅಂದು ಅಡಿಗಲ್ಲಿನ ಭಾಗ್ಯ ಸಿಕ್ಕಿದ್ದು ಬೆಳಗಾವಿ, ಹುಬ್ಬಳ್ಳಿ ಮತ್ತು ಆಂಧ್ರದ ಕಡಪ, ಹೀಗೆ ಮೂರು ಊರಿಗೆ. ಮೂರಕ್ಕೂ ಕೂಡಿ 908 ಕೋಟಿ ರೂಪಾಯಿ. ಅದರಲ್ಲಿ ಬೆಳಗಾವಿಯ ಪಾಲು 322 ಕೋಟಿ. ಕಟ್ಟಡಗಳು ಮುಗಿದ ಮೇಲೆ ಮೂರೂ ನಿಲ್ದಾಣ ಸೇರಿ ವರ್ಷಕ್ಕೆ 95 ಲಕ್ಷ ಜನರನ್ನು ಸುಧಾರಿಸಬಲ್ಲವು ಎಂಬುದು ಸರ್ಕಾರದ ಲೆಕ್ಕ.

ಕಟ್ಟಡದ ಬಗ್ಗೆ ಯಾರ ತಕರಾರೂ ಇಲ್ಲ. 2017ರ ಸೆಪ್ಟೆಂಬರ್‌ನಲ್ಲಿ ಆಗಿನ ವಿಮಾನಯಾನ ಸಚಿವ ಅಶೋಕ ಗಜಪತಿ ರಾಜು ಅವರು ಉದ್ಘಾಟಿಸಿದ ಕಟ್ಟಡ ಒಂದು ಹೊತ್ತಿಗೆ 300 ಜನರನ್ನು ಹಿಡಿಸುವಂಥದು. ಒಂದು ಏರ್‌ಬಸ್ಸಿನಲ್ಲೇ 180 ಜನ ಬರುತ್ತಾರೆ. ಎರಡು ಒಟ್ಟಿಗೆ ಬಂದು ನಿಂತರೆ ಲೆಕ್ಕ ತಪ್ಪಿತು.

ಆದರೆ ಖಡೇ ಬಝಾರದ ಯಾವ ಅಂಗಡಿಕಾರನನ್ನು ಕೇಳಿದರೂ ಗೊತ್ತಿರುವ ಮಾತು ಒಂದಿದೆ. ಅಂಗಡಿಗೆ ಗಾಜಿನ ಬಾಗಿಲು ಹಾಕಿಸಿ, ದೀಪ ಹಚ್ಚಿದ ಮಾತ್ರಕ್ಕೆ ಗಿರಾಕಿ ಬರುವುದಿಲ್ಲ. ಗಿರಾಕಿ ದಿನಾ ಬರುವ ಹೊತ್ತಿಗೆ ಬಾಗಿಲು ತೆರೆದಿರಬೇಕು, ಅವನಿಗೆ ಬೇಕಾದ ಮಾಲು ಇರಬೇಕು. ಸಾಂಬ್ರಾದ ವಿಷಯದಲ್ಲಿ ಈ ಸಾದಾ ಮಾತನ್ನು ಎಲ್ಲರೂ ಮರೆತಂತಿದೆ. ಎಷ್ಟು ಊರಿಗೆ ವಿಮಾನ ಎಂದು ಎಣಿಸುವುದರಲ್ಲಿ ರಾಜಕಾರಣಿಗಳೂ, ಸಂಘ ಸಂಸ್ಥೆಗಳೂ, ಪತ್ರಿಕೆಗಳೂ ಮಗ್ನರಾದರು. ಎಷ್ಟು ಗಂಟೆಗೆ ವಿಮಾನ, ಅದೇ ದಿನ ಮರಳಿ ಬರಲು ಆಗುತ್ತದೆಯೇ, ಎಷ್ಟು ದಿನ ಇರುತ್ತದೆ ಎಂದು ಕೇಳಿದವರು ಕಡಿಮೆ.

ಹೊಸ ಕಟ್ಟಡದ ಮುಂದೆ ಟೇಪು ಕತ್ತರಿಸುವ ಮೊದಲು ಹಿಂದಿನ ಒಂದು ವರ್ಷದ ಕತೆಯನ್ನು ಮತ್ತೊಮ್ಮೆ ನೋಡುವುದು ಒಳ್ಳೆಯದು. ಆ ವರ್ಷ 2019.

ಸ್ಪೈಸ್‌ಜೆಟ್ ಹೋಯಿತು, ಉಡಾನ್ ಬಂತು

ಸಾಂಬ್ರಾ ಎಂದರೆ ಹೊಸಬರಿಗೆ ವಿಮಾನ, ಹಳಬರಿಗೆ ಏರ್‌ಫೋರ್ಸು. ಇಲ್ಲಿಯ ಓಡುಹಾದಿ ಎರಡನೇ ಮಹಾಯುದ್ಧದ ಕಾಲದ್ದು, 1942ರದು. ಉತ್ತರ ಕರ್ನಾಟಕದಲ್ಲಿ ಇದಕ್ಕಿಂತ ಹಳೆಯ ವಿಮಾನ ನಿಲ್ದಾಣ ಇನ್ನೊಂದಿಲ್ಲ. 1961ರ ಡಿಸೆಂಬರ್ 18ರಂದು ಗೋವಾದ ಬಾಂಬೋಲಿಮ್‌ನಲ್ಲಿದ್ದ ಪೋರ್ಚುಗೀಸರ ವಾಯರ್‌ಲೆಸ್ ಕೇಂದ್ರದ ಮೇಲೆ ದಾಳಿ ಮಾಡಿದ ಹಂಟರ್ ವಿಮಾನಗಳು ಎದ್ದದ್ದು ಇದೇ ಸಾಂಬ್ರಾದಿಂದ. ವಾಯುಸೇನೆಯ ಏರ್‌ಮನ್ ತರಬೇತಿ ಶಾಲೆ ಇಂದಿಗೂ ಇಲ್ಲಿದೆ. ಸಾರ್ವಜನಿಕರ ವಿಮಾನ ಮಾತ್ರ ದಶಕಗಳ ಕಾಲ ಮಳೆಗಾಲದ ಬಿಸಿಲಿನ ಹಾಗೆ ಬಂದು ಬಂದು ಹೋಯಿತು. ಬಂದಾಗ ಜನ ಮಕ್ಕಳನ್ನು ಕಟ್ಟಿಕೊಂಡು ನೋಡಲು ಹೋಗುತ್ತಿದ್ದರು, ಹೋದಾಗ ಯಾರೂ ಅಳಲಿಲ್ಲ.

ಮುಂದೆ ರಾಜ್ಯ ಸರ್ಕಾರ 370 ಎಕರೆ ಜಮೀನು ಕೊಟ್ಟಿತು. ಜಮೀನು ಸರ್ಕಾರದ ಕಪಾಟಿನಿಂದ ಬರುವುದಿಲ್ಲ, ಸುತ್ತಲಿನ ರೈತರ ಹೊಲದಿಂದ ಬರುತ್ತದೆ ಎಂಬುದನ್ನು ಇಲ್ಲಿ ಗಂಟುಕಟ್ಟಿ ಇಟ್ಟುಕೊಳ್ಳಬೇಕು. 1,830 ಮೀಟರ್ ಇದ್ದ ಓಡುಹಾದಿ 2,300 ಮೀಟರ್ ಆಯಿತು. ಬೋಯಿಂಗ್ 737, ಏರ್‌ಬಸ್ 320 ಇಳಿಯುವಂತಾಯಿತು. 2017ರಲ್ಲಿ ಕಟ್ಟಡವೂ ಆಯಿತು. ಸ್ಪೈಸ್‌ಜೆಟ್ ಹಾರುತ್ತಿತ್ತು, ಸೀಟುಗಳು ತುಂಬುತ್ತಿದ್ದವು.

ಆಮೇಲೆ ಆದದ್ದು ತಮಾಷೆಯೂ ಹೌದು, ಸಂಕಟವೂ ಹೌದು. ಕೇಂದ್ರ ಸರ್ಕಾರದ ಉಡಾನ್ ಯೋಜನೆ 2016ರಲ್ಲಿ ಪ್ರಕಟವಾಗಿ 2017ರ ಏಪ್ರಿಲ್‌ನಲ್ಲಿ ಶಿಮ್ಲಾದಿಂದ ಮೊದಲ ವಿಮಾನ ಹಾರಿತ್ತು. ಈ ಯೋಜನೆ ಇದ್ದದ್ದು ವಿಮಾನವೇ ಇಲ್ಲದ ಊರುಗಳಿಗೆ, ಇಲ್ಲವೆ ವಾರಕ್ಕೆ ಏಳರ ಮೇಲೆ ವಿಮಾನ ಇಲ್ಲದ ಊರುಗಳಿಗೆ. ಬೆಳಗಾವಿಯಲ್ಲಿ ಸ್ಪೈಸ್‌ಜೆಟ್ ಚೆನ್ನಾಗಿ ನಡೆದಿತ್ತು, ಆದ್ದರಿಂದ ಬೆಳಗಾವಿಗೆ ಉಡಾನ್ ಇಲ್ಲ. ಹುಬ್ಬಳ್ಳಿಗೆ ಇತ್ತು. 2018ರ ಮೇ ತಿಂಗಳಲ್ಲಿ ಸ್ಪೈಸ್‌ಜೆಟ್ ಗಂಟುಮೂಟೆ ಕಟ್ಟಿ ಹುಬ್ಬಳ್ಳಿಗೆ ಹೋಯಿತು. ಸಹಾಯಧನ ಸಿಗುವ ಊರು ಬಿಟ್ಟು ಸಿಗದ ಊರಿನಲ್ಲಿ ಇರು ಎಂದು ಯಾವ ವ್ಯಾಪಾರಿಗೆ ಹೇಳಲು ಸಾಧ್ಯ?

ಬೆಳಗಾವಿಯಲ್ಲಿ ಕೂಗೆದ್ದಿತು. ಕೋಟಿ ಕೋಟಿ ಸುರಿದು ಕಟ್ಟಿದ ಕಟ್ಟಡ ವರ್ಷ ತುಂಬುವ ಮೊದಲೇ ಭಣಭಣ ಎನ್ನತೊಡಗಿತು. ವ್ಯಾಪಾರಿಗಳು, ಉದ್ಯಮಬಾಗದ ಕಾರಖಾನೆಯವರು, ವೈದ್ಯರು, ವಕೀಲರು ಮನವಿ ಕೊಟ್ಟದ್ದೇ ಕೊಟ್ಟದ್ದು. ಜುಲೈ ಹೊತ್ತಿಗೆ ಸರ್ಕಾರಿ ಅಲಯನ್ಸ್ ಏರ್ ಬೆಂಗಳೂರಿಗೆ ಒಂದು ಹಾರಾಟ ಶುರು ಮಾಡಿ ಮಾನ ಉಳಿಸಿತು. ಇದ್ದ ವಿಮಾನ ಹೋದದ್ದರಿಂದಲೇ ಬೆಳಗಾವಿ ಉಡಾನ್‌ಗೆ ‘ಅರ್ಹ’ವಾಯಿತು. 2019ರ ಜನವರಿಯಲ್ಲಿ ಉಡಾನ್ ಮೂರನೇ ಸುತ್ತಿನ ಪಟ್ಟಿ ಬಂದಾಗ ಬೆಳಗಾವಿಯ ಹೆಸರಿನ ಮುಂದೆ 13 ಮಾರ್ಗ!

ಆ ವರ್ಷ ಕಂಡ ಬೆಳವಣಿಗೆಯನ್ನು ಸಾಂಬ್ರಾ ಹಿಂದೆಂದೂ ಕಂಡಿರಲಿಲ್ಲ. ನೆರೆಯ ಕೊಲ್ಲಾಪುರ ಜಿಲ್ಲೆಯ ಸಂಜಯ ಘೋಡಾವತ ಸಮೂಹದ ಸ್ಟಾರ್ ಏರ್ 50 ಸೀಟಿನ ಚಿಕ್ಕ ಜೆಟ್ ತಂದಿತು. ಅಲಯನ್ಸ್ ಏರ್ ಇತ್ತು, ಟ್ರೂಜೆಟ್ ಬಂತು, ಬಿಟ್ಟುಹೋಗಿದ್ದ ಸ್ಪೈಸ್‌ಜೆಟ್ ಮರಳಿ ಬಂತು, ಇಂಡಿಗೋ ಬಂತು. 2019ರಿಂದ 2021ರ ನಡುವೆ ಸಾಂಬ್ರಾದ ಫಲಕದ ಮೇಲೆ ಬೆಂಗಳೂರು, ಮುಂಬೈ, ಹೈದರಾಬಾದ್, ಪುಣೆ, ಅಹಮದಾಬಾದ್, ತಿರುಪತಿ, ಮೈಸೂರು, ಇಂದೋರ್, ಸೂರತ್, ನಾಶಿಕ್, ಕಡಪ, ಜೋಧಪುರ, ಅಜ್ಮೇರದ ಹತ್ತಿರದ ಕಿಶನ್‌ಗಢ ಇಷ್ಟೂ ಹೆಸರು ಬಂದು ಹೋದವು. 2020ರ ಮಾರ್ಚ್ 25ರಿಂದ ಮೇ 25ರವರೆಗೆ ಕೊರೊನಾದಿಂದ ದೇಶದ ವಿಮಾನಗಳೆಲ್ಲ ನೆಲ ಹಿಡಿದವು. ಮತ್ತೆ ಹಾರತೊಡಗಿದಾಗ ಬೆಳಗಾವಿ ಪ್ರಯಾಣಿಕರ ಲೆಕ್ಕದಲ್ಲಿ ಹುಬ್ಬಳ್ಳಿಯನ್ನು ಹಿಂದೆ ಹಾಕಿತು. ರಾಜ್ಯದಲ್ಲಿ ಬೆಂಗಳೂರು, ಮಂಗಳೂರು ಬಿಟ್ಟರೆ ಬೆಳಗಾವಿಯೇ ಎಂದು ಊರು ಬೀಗಿತು. ಹುಬ್ಬಳ್ಳಿಯವರನ್ನು ಹಿಂದೆ ಹಾಕಿದ ಸಂತೋಷ ಬೆಳಗಾವಿಗೆ ಸಣ್ಣದೇನಲ್ಲ, ಅದು ಎಲ್ಲರಿಗೂ ಗೊತ್ತಿದ್ದದ್ದೇ.

ಮೂರು ವರ್ಷದ ವಾಯಿದೆ

ಈಗ ಉಡಾನ್ ಲೆಕ್ಕ ಹೇಗಿರುತ್ತದೆ ನೋಡಿ. ಕಂಪನಿ ತನ್ನ ವಿಮಾನದ ಅರ್ಧ ಸೀಟುಗಳನ್ನು ಸರ್ಕಾರ ಗೊತ್ತುಮಾಡಿದ ದರದೊಳಗೆ ಮಾರಬೇಕು. ಶುರುವಿನಲ್ಲಿ ಒಂದು ತಾಸಿನ ಹಾರಾಟಕ್ಕೆ 2,500 ರೂಪಾಯಿ ಎಂದಿತ್ತು. ಅದರಿಂದ ಆಗುವ ಲುಕ್ಸಾನನ್ನು ಸರ್ಕಾರ ತುಂಬಿಕೊಡುತ್ತದೆ. ಆ ಹಣದಲ್ಲಿ ರಾಜ್ಯದ ಪಾಲು 20 ಪರ್ಸೆಂಟು. ಉಳಿದದ್ದು ಮುಂಬೈ-ದಿಲ್ಲಿಯಂಥ ದೊಡ್ಡ ಮಾರ್ಗದ ವಿಮಾನಗಳ ಮೇಲೆ ಹಾಕಿದ ಪಟ್ಟಿಯಿಂದ ಬರುತ್ತದೆ. ಇಳಿಯುವ, ನಿಲ್ಲುವ ಬಾಡಿಗೆ ಮಾಫಿ. ಎಣ್ಣೆಯ ಮೇಲೆ ರಾಜ್ಯದ ತೆರಿಗೆ 1 ಪರ್ಸೆಂಟಿಗೆ ಇಳಿಸಬೇಕು. ಪೊಲೀಸು, ಅಗ್ನಿಶಾಮಕ ರಾಜ್ಯದ ಖರ್ಚಿನಲ್ಲಿ. ಮೇಲಾಗಿ ಆ ಮಾರ್ಗದಲ್ಲಿ ಇನ್ನೊಬ್ಬ ಪೈಪೋಟಿಗೆ ಬರುವಂತಿಲ್ಲ.

ಇದೆಲ್ಲ ಎಷ್ಟು ದಿನ? ಮೂರು ವರ್ಷ. ಉದ್ರಿ ಅಂಗಡಿಗೆ ಇರುವ ಹಾಗೆ ಇದಕ್ಕೂ ಒಂದು ವಾಯಿದೆ. ವಾಯಿದೆ ಮುಗಿದ ದಿನ ಸಹಾಯಧನದ ನಲ್ಲಿ ಬಂದ್. ಆಮೇಲೆ ಸ್ವಂತ ಕಾಲ ಮೇಲೆ ನಿಂತರೆ ಮಾರ್ಗ ಉಳಿಯಿತು, ಇಲ್ಲದಿದ್ದರೆ ಹೋಯಿತು.

ಬೆಳಗಾವಿಯ 13 ಮಾರ್ಗಗಳಿಗೂ ಇದೇ ವಾಯಿದೆ ಇತ್ತು. 2019ರಲ್ಲಿ ಸಿಹಿ ಹಂಚಿದವರಿಗೆ 2022ರಲ್ಲಿ ಏನಾದೀತೆಂಬ ಯೋಚನೆ ಬರಲಿಲ್ಲ. 2022ರ ಫೆಬ್ರುವರಿಯಲ್ಲಿ ಟ್ರೂಜೆಟ್ ಕಂಪನಿಯೇ ಕೂತುಬಿಟ್ಟಿತು. ಮೈಸೂರು, ಕಡಪ ಅದರ ಜೊತೆಗೆ ಹೋದವು. ಉಳಿದವರೂ ಒಂದೊಂದಾಗಿ ಕೈ ಎತ್ತಿದರು. 2021ರ ಆಗಸ್ಟ್‌ನಲ್ಲಿ ಸ್ಪೈಸ್‌ಜೆಟ್ ಶುರು ಮಾಡಿದ್ದ ದಿಲ್ಲಿ ವಿಮಾನವೂ ಬಹಳ ದಿನ ಬಾಳಲಿಲ್ಲ. ಊರಿಗೆ ಮತ್ತೆ ಸಿಟ್ಟು ಬಂತು. ಹುಬ್ಬಳ್ಳಿಯವರ ಕೈವಾಡ ಎಂದರು ಕೆಲವರು, ನಮ್ಮ ಜನಪ್ರತಿನಿಧಿಗಳಿಗೆ ದಮ್ಮಿಲ್ಲ ಎಂದರು ಹಲವರು.

ಆದರೆ ಇದು ಬೆಳಗಾವಿಯೊಂದರ ಹಣೆಬರಹವಲ್ಲ. ದೇಶದ ಲೆಕ್ಕ ಪರಿಶೋಧಕರು, ಅಂದರೆ ಸಿಎಜಿ, 2023ರ ಆಗಸ್ಟ್‌ನಲ್ಲಿ ಕೊಟ್ಟ ವರದಿಯನ್ನು ನೋಡಿದರೆ ತಲೆ ತಿರುಗುತ್ತದೆ. ಉಡಾನ್ ಮೊದಲ ಮೂರು ಸುತ್ತುಗಳಲ್ಲಿ ಕೊಟ್ಟದ್ದು 774 ಮಾರ್ಗ. ಅದರಲ್ಲಿ 403 ಶುರುವೇ ಆಗಲಿಲ್ಲ. ಶುರುವಾದ 371ರಲ್ಲಿ ಮೂರು ವರ್ಷದ ವಾಯಿದೆ ಪೂರ್ತಿ ಮುಗಿಸಿದ್ದು 112. ವಾಯಿದೆ ಮುಗಿದ ಮೇಲೂ 2023ರ ಮಾರ್ಚ್‌ನಲ್ಲಿ ನಡೆದಿದ್ದದ್ದು 54. ಅಂದರೆ ನೂರು ಮಾರ್ಗ ಹಂಚಿದರೆ ಉಳಿದದ್ದು ಏಳು! ಇಂಥ ಲೆಕ್ಕದ ಅಂಗಡಿಯನ್ನು ರವಿವಾರ ಪೇಟೆಯಲ್ಲಿ ಯಾರಾದರೂ ಇಟ್ಟಿದ್ದರೆ ಬ್ಯಾಂಕಿನವರು ಯಾವಾಗಲೋ ಬೀಗ ಜಡಿಯುತ್ತಿದ್ದರು.

ಆ ಲೆಕ್ಕಕ್ಕೆ ಹೋಲಿಸಿದರೆ ಬೆಳಗಾವಿ ಸೋತದ್ದು ಕಡಿಮೆ. ಬೆಂಗಳೂರಿನ ವಿಮಾನ ತುಂಬುತ್ತದೆಂಬುದು ಸ್ಪೈಸ್‌ಜೆಟ್ ಕಾಲದಲ್ಲೇ ಗೊತ್ತಾದ ಮಾತು. 2023ರ ಅಕ್ಟೋಬರ್ 5ರಂದು ಇಂಡಿಗೋ ದಿಲ್ಲಿಗೆ ನೇರ ವಿಮಾನ ಶುರು ಮಾಡಿತು. ಮರಾಠಾ ಲಘು ಪದಾತಿ ದಳದ ಕೇಂದ್ರ, ಸಾಂಬ್ರಾದ ಏರ್‌ಫೋರ್ಸು, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ಕೆಎಲ್‌ಇ ದವಾಖಾನೆ, ಫೌಂಡ್ರಿಗಳು ಇರುವ ಊರಿಗೆ ದಿಲ್ಲಿಯ ಕೆಲಸ ಸದಾ ಇರುತ್ತದೆ. ಮಾರ್ಗ ಗಟ್ಟಿಯಾಗುವುದು ಇಂಥ ಸದಾ ಕೆಲಸವಿರುವ ಜನರಿಂದ. ವರ್ಷಕ್ಕೊಮ್ಮೆ ತಿಮ್ಮಪ್ಪನ ದರ್ಶನಕ್ಕೆ ಹೋಗುವವನು ಪುಣ್ಯ ಕಟ್ಟಿಕೊಂಡಾನು, ವಿಮಾನ ಕಂಪನಿಯನ್ನು ಕಟ್ಟಿಹಿಡಿಯಲಾರ.

ಪಕ್ಕದ ಇನ್ನೊಂದು ತುದಿಯ ಬೀದರನ್ನು ನೋಡಬಹುದು. ಅಲ್ಲಿ 2020ರಲ್ಲಿ ಶುರುವಾದ ಬೆಂಗಳೂರು ವಿಮಾನ 2023ರ ಡಿಸೆಂಬರ್‌ನಲ್ಲಿ ನಿಂತೇ ಹೋಯಿತು. ರಾಜ್ಯ ಸರ್ಕಾರ ಕೈಯಿಂದ ರೊಕ್ಕ ಕೊಡಲು ಒಪ್ಪಿದ ಮೇಲೆ 2025ರ ಏಪ್ರಿಲ್‌ನಲ್ಲಿ ಮತ್ತೆ ಹಾರಿತು. ಬೆಳಗಾವಿಗೆ ಆ ಗತಿ ಬಂದಿಲ್ಲ.

ಸೂರತ್ ವಿಮಾನದ ಪಾಠ

ಗಣಪತ ಗಲ್ಲಿಯ ಬಟ್ಟೆ ವ್ಯಾಪಾರಿಗಳಿಗೆ ಸೂರತ್ ಎಂದರೆ ಮಾಲಿನ ತವರು. ಸೂರತ್ ವಿಮಾನ ಎಂದಾಗ ಅವರ ಕಿವಿ ನೆಟ್ಟಗಾದದ್ದು ಸಹಜ. ಆದರೆ ಮಾಲು ಬರುವುದು ಲಾರಿಯಲ್ಲಿ. ವಿಮಾನದಲ್ಲಿ ಹೋಗುವವನು ಖರೀದಿಗೆ ಹೋಗುವ ಯಜಮಾನ ಒಬ್ಬನೇ, ಅದೂ ಸೀಸನ್ನಿಗೆ ಒಂದೆರಡು ಸಲ. ಈಗ ಫೋಟೋ ನೋಡಿ ಫೋನಿನಲ್ಲೇ ಆರ್ಡರ್ ಕೊಡುವ ಕಾಲ. ಐವತ್ತು ಸೀಟು ವರ್ಷವಿಡೀ ತುಂಬಲು ಇಂಥ ಗಿರಾಕಿ ಎಷ್ಟು ಮಂದಿ ಬೇಕು, ಲೆಕ್ಕ ಹಾಕಿಕೊಳ್ಳಿ. ಇತ್ತ ಶಹಾಪುರ, ವಡಗಾವಿ, ಖಾಸಬಾಗದ ನೇಕಾರ ಸೂರತ್‌ನ ಅಗ್ಗದ ಸೀರೆಯಿಂದ ಮೊದಲೇ ಬೆಂದುಹೋದವನು. ಸೂರತ್ ಹತ್ತಿರವಾಯಿತು ಎಂದರೆ ಅವನು ನಗುವನೋ ಅಳುವನೋ.

ಬೆಂಗಳೂರಿನ ಕತೆ ಬೇರೆ. ಬೆಳಗಾವಿಯ ಅಂಗಡಿಕಾರ ಬೆಂಗಳೂರಿಗೆ ಹೋಗುವ ರೀತಿ ಎಲ್ಲರಿಗೂ ಪರಿಚಿತ. ರಾತ್ರಿ ಎಂಟೂವರೆಗೆ ಕದ ಹಾಕಿ, ಊಟ ಮುಗಿಸಿ ಸ್ಲೀಪರ್ ಬಸ್ಸು ಹತ್ತುತ್ತಾನೆ. ಒಂಬತ್ತು ಹತ್ತು ತಾಸು ನಿದ್ದೆ. ಬೆಳಗ್ಗೆ ಚಿಕ್ಕಪೇಟೆ. ಖರೀದಿ ಮುಗಿಸಿ ರಾತ್ರಿ ಮತ್ತೆ ಬಸ್ಸು. ಮರುದಿನ ಬೆಳಗ್ಗೆ ಅಂಗಡಿ ಕದ ಮತ್ತೆ ತೆರೆದೇ ಇರುತ್ತದೆ. ಲಾಡ್ಜಿನ ಖರ್ಚಿಲ್ಲ, ಒಂದೇ ದಿನ ಹಾಳು. ಆಗಿನ ಸಂಸದ ಸುರೇಶ ಅಂಗಡಿಯವರು ರೈಲ್ವೆ ರಾಜ್ಯ ಸಚಿವರಾದ ಹೊಸತರಲ್ಲಿ, 2019ರ ಜೂನ್‌ನಲ್ಲಿ, ರಾತ್ರಿ ರೈಲೂ ಬಂತು. ಅದು ಅವರು ಮಾಡಿಹೋದ ಉಪಕಾರ. 2025ರ ಆಗಸ್ಟ್ 10ರಿಂದ ವಂದೇ ಭಾರತ್ ಬಂದಿದೆ, ಹಗಲಿನಲ್ಲಿ ಸುಮಾರು ಎಂಟೂವರೆ ತಾಸು.

ಇವುಗಳ ಎದುರಿಗೆ ವಿಮಾನ ಗೆಲ್ಲಬೇಕಾದರೆ ಒಂದೇ ದಾರಿ. ಬೆಳಗ್ಗೆ ಬೇಗ ಹೋಗಿ ರಾತ್ರಿ ಊಟಕ್ಕೆ ಮನೆಗೆ ಬರುವಂತಿರಬೇಕು. ನಡುಮಧ್ಯಾಹ್ನ ಏರಿಸಿಕೊಂಡು ಇಳಿಹೊತ್ತಿಗೆ ದೇವನಹಳ್ಳಿಯಲ್ಲಿ ಇಳಿಸಿದರೆ ಏನು ಬಂತು? ಅಲ್ಲಿಂದ ಮೆಜೆಸ್ಟಿಕ್ ಮುಟ್ಟಲು ಇನ್ನೂ ಒಂದೂವರೆ ತಾಸು. ಅಷ್ಟರಲ್ಲಿ ಕಚೇರಿ ಮುಚ್ಚಿರುತ್ತದೆ, ಲಾಡ್ಜಿನ ಬಿಲ್ಲು ತೆರೆದಿರುತ್ತದೆ. ವಿಮಾನದ ಟಿಕೀಟಿಗಿಂತ ಆ ಒಂದು ರಾತ್ರಿಯೇ ದುಬಾರಿ. 2019ರ 13 ಮಾರ್ಗಗಳ ಗದ್ದಲದಲ್ಲಿ ಹೊತ್ತಿನ ಮಾತು ಮುಳುಗಿಹೋಯಿತು. ಚಿಕ್ಕ ಕಂಪನಿಗಳ ಹತ್ತಿರ ಇದ್ದದ್ದು ಬೆರಳೆಣಿಕೆಯ ವಿಮಾನ. ಒಂದೇ ವಿಮಾನ ಬೆಳಗ್ಗೆ ಒಂದೂರು, ಮಧ್ಯಾಹ್ನ ಇನ್ನೊಂದೂರು ಸುತ್ತಬೇಕು. ಸಾಂಬ್ರಾಕ್ಕೆ ಬರುವ ಹೊತ್ತು ಅದರ ಅನುಕೂಲಕ್ಕೆ, ಪ್ರಯಾಣಿಕರ ಅನುಕೂಲಕ್ಕಲ್ಲ. ಅಂಥ ಕಂಪನಿಯ ಒಂದು ವಿಮಾನ ಎಲ್ಲೋ ಕೆಟ್ಟು ನಿಂತರೆ ದಿನದ ನಾಲ್ಕು ಊರಿನ ವೇಳಾಪಟ್ಟಿ ಕೆಡುತ್ತದೆ.

ದೊಡ್ಡ ಕಂಪನಿಯಾದರೂ ಭರವಸೆ ಪೂರ್ತಿ ಇಲ್ಲ. 2025ರ ಡಿಸೆಂಬರ್ ಮೊದಲ ವಾರದಲ್ಲಿ ಪೈಲಟ್‌ಗಳ ವಿಶ್ರಾಂತಿಯ ಹೊಸ ನಿಯಮಕ್ಕೆ ಸಿದ್ಧತೆ ಸಾಲದೆ ಇಂಡಿಗೋ ದೇಶದ ತುಂಬ ಸಾವಿರಾರು ಹಾರಾಟ ರದ್ದು ಮಾಡಿತು. ಒಬ್ಬನೇ ಅಂಗಡಿಕಾರನ ಮೇಲೆ ಇಡೀ ಗಲ್ಲಿ ನಂಬಿಕೊಂಡು ಕೂತರೆ ಏನಾಗುತ್ತದೆಂದು ಆ ವಾರ ಎಲ್ಲ ಸಣ್ಣ ಊರುಗಳಿಗೂ ತಿಳಿಯಿತು.

ಖಾನಾಪುರದ ಲೆಕ್ಕವೇ ಬೇರೆ

ಬೆಳಗಾವಿ ನಗರದವರಿಗೆ ಸಾಂಬ್ರಾ ಹತ್ತು ಹನ್ನೊಂದು ಕಿಲೋಮೀಟರ್. ಖಾನಾಪುರದವರಿಗೆ? ಖಾನಾಪುರದಿಂದ ಬೆಳಗಾವಿಗೇ 26 ಕಿಲೋಮೀಟರ್. ಆಮೇಲೆ ಟಿಳಕವಾಡಿ ಕಡೆಯಿಂದ ಊರು ಹೊಕ್ಕು, ರೈಲ್ವೆ ಗೇಟು, ಮೇಲ್ಸೇತುವೆ, ಮಾರ್ಕೆಟ್ಟಿನ ಗರ್ದಿ ದಾಟಿ, ಊರಿನ ಇನ್ನೊಂದು ಮಗ್ಗುಲಲ್ಲಿ ಹೊರಬಿದ್ದು ಬಸವನ ಕುಡಚಿ, ಮುತಗಾ, ನಿಲಜಿ ಹಾಯ್ದು ಹೋಗಬೇಕು. ಬಸ್ಸಿನಲ್ಲಾದರೆ ಒಂದೇ ಬಸ್ಸಿನ ಮಾತಲ್ಲ. ಬೆಳಗಾವಿಯಲ್ಲಿ ಇಳಿದು ಸಿಟಿ ಬಸ್ಸು ಹಿಡಿಯಬೇಕು, ಇಲ್ಲವೆ ರಿಕ್ಷಾದವನ ಜೊತೆ ಚೌಕಾಸಿಗೆ ನಿಲ್ಲಬೇಕು. ವಿಮಾನ ಹೊರಡುವ ಒಂದು ತಾಸು ಮೊದಲೇ ಚೀಟಿ ಕೊಡುವ ಕೌಂಟರ್ ಮುಚ್ಚುತ್ತದೆ. ಬೆಳಗಿನ ವಿಮಾನಕ್ಕೆ ನಂದಗಡದವನು, ಲೋಂಡಾದವನು ಹಿಂದಿನ ರಾತ್ರಿಯೇ ಬೆಳಗಾವಿಗೆ ಬಂದು ಬೀಗರ ಮನೆ ಸೇರಬೇಕು.

ಹಲಗಾ-ಮಚ್ಚೆ ಬೈಪಾಸ್ ಆದರೆ ಖಾನಾಪುರ ರಸ್ತೆಯಿಂದ ಊರು ಹೊಗದೆ ಹೆದ್ದಾರಿಗೆ ಬರಬಹುದೆಂಬ ಮಾತು ಹಳೆಯದು. ಆದರೆ ಆ ದಾರಿ ಹೋಗುವುದು ಬೆಳಗಾವಿಯ ಒಳ್ಳೆಯ ಗದ್ದೆಗಳ ಮೇಲೆ. ಅಲ್ಲಿಯ ರೈತರು ವರ್ಷಗಟ್ಟಲೆ ಕೋರ್ಟು ಕಚೇರಿ ಅಲೆದದ್ದು, ಜೆಸಿಬಿ ಮುಂದೆ ಮಲಗಿದ್ದು ಸುಮ್ಮಸುಮ್ಮನೆ ಅಲ್ಲ. ಯಾರದೋ ಅರ್ಧ ತಾಸು ಉಳಿಸಲು ತಮ್ಮ ಅನ್ನದ ಗದ್ದೆ ಏಕೆ ಕೊಡಬೇಕು ಎಂಬ ಅವರ ಪ್ರಶ್ನೆಗೆ ಅಧಿಕಾರಿಗಳ ಹತ್ತಿರ ಸರಿಯಾದ ಉತ್ತರ ಕಂಡಿಲ್ಲ.

ಹೀಗಿರುವಾಗ ಖಾನಾಪುರದ ಪಶ್ಚಿಮದ ಹಳ್ಳಿಗಳವರು ಸಾಂಬ್ರಾಕ್ಕೆ ಬೆನ್ನು ತಿರುಗಿಸಿದರೆ ಆಶ್ಚರ್ಯವೇನು? ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಟ್ಟ ಇಳಿದರೆ ಗೋವಾ. ಅಲ್ಲಿ ಮೊದಲು ದಾಬೋಲಿ ಒಂದಿತ್ತು. 2023ರ ಜನವರಿ 5ರಿಂದ ಉತ್ತರ ಗೋವಾದ ಮೋಪಾದಲ್ಲಿ ಇನ್ನೊಂದು ನಡೆದಿದೆ. ಎರಡು ನಿಲ್ದಾಣ, ಹತ್ತಾರು ಊರಿಗೆ ವಿಮಾನ, ಕಂಪನಿ ಕಂಪನಿಗಳ ಪೈಪೋಟಿಯಿಂದ ಎಷ್ಟೋ ಸಲ ಅಗ್ಗದ ದರ. ಕೊಲ್ಲಿ ದೇಶಕ್ಕೆ ದುಡಿಯಲು ಹೋಗುವವನು ಗೋವಾದಿಂದಲೇ ಹಾರಬಹುದು. ಮಳೆಗಾಲದಲ್ಲಿ ಚೋರ್ಲಾ ರಸ್ತೆಯ ಅವಸ್ಥೆ ದೇವರೇ ಬಲ್ಲ. ಆದರೂ ಜನ ಹೋಗುತ್ತಾರೆ. ತಾಲೂಕಿನ ಪೂರ್ವಕ್ಕೆ, ಬೀಡಿ, ಇಟಗಿ ಕಡೆಯವರಿಗೆ ಕಿತ್ತೂರು ಮೇಲಿಂದ ಹುಬ್ಬಳ್ಳಿಯ ಹಾದಿಯೂ ಇದೆ. ಅಂದರೆ ಸಾಂಬ್ರಾಕ್ಕೆ ಸಿಗಬೇಕಾದ ಗಿರಾಕಿಯನ್ನು ಒಂದು ಕಡೆ ಗೋವಾ, ಇನ್ನೊಂದು ಕಡೆ ಹುಬ್ಬಳ್ಳಿ ಎಳೆಯುತ್ತಿವೆ. ಇವರ ನಡುವೆ ಕಟ್ಟುವ ದೊಡ್ಡ ಕಟ್ಟಡಕ್ಕೆ ಜನ ಎಲ್ಲಿಂದ ಬರಬೇಕೆಂಬುದನ್ನು ನಕಾಶೆ ಮುಂದಿಟ್ಟುಕೊಂಡೇ ಯೋಚಿಸಬೇಕು. ವಂದೇ ಭಾರತ್ ಕೂಡ ಖಾನಾಪುರದಲ್ಲಿ ನಿಲ್ಲದೆ ಶಿಳ್ಳೆ ಹಾಕಿಕೊಂಡು ಹೋಗುತ್ತದೆ.

ಹೆಸರಿನ ವಿಷಯ ಒಂದು ಬಾಕಿ ಇದೆ. 2023ರ ಡಿಸೆಂಬರ್‌ನಲ್ಲಿ ಸುವರ್ಣ ವಿಧಾನಸೌಧದ ಅಧಿವೇಶನದಲ್ಲಿ ವಿಧಾನಸಭೆ ನಿರ್ಣಯ ಮಾಡಿ ಬೆಳಗಾವಿ ನಿಲ್ದಾಣಕ್ಕೆ ಕಿತ್ತೂರು ರಾಣಿ ಚೆನ್ನಮ್ಮ, ಹುಬ್ಬಳ್ಳಿ ನಿಲ್ದಾಣಕ್ಕೆ ಸಂಗೊಳ್ಳಿ ರಾಯಣ್ಣನ ಹೆಸರು ಇಡಬೇಕೆಂದಿತು. ರಾಯಣ್ಣನನ್ನು 1831ರಲ್ಲಿ ಇಂಗ್ರಜಿಯವರು ಗಲ್ಲಿಗೇರಿಸಿದ್ದು ಖಾನಾಪುರ ತಾಲೂಕಿನ ನಂದಗಡದಲ್ಲಿ. ಹೆಸರಿನ ವಿಷಯದಲ್ಲೂ ಖಾನಾಪುರದ ಪಾಲು ಹುಬ್ಬಳ್ಳಿಗೆ ಹೋಯಿತಲ್ಲ ಎಂದು ಯಾರಾದರೂ ಕುಟುಕಿದರೆ ತಪ್ಪು ತಿಳಿಯಬಾರದು. ಈ ಅಧಿವೇಶನದ ಹತ್ತು ದಿನ ಮಾತ್ರ ಸಾಂಬ್ರಾದಲ್ಲಿ ಜಾತ್ರೆ. ಆ ದಿನಗಳ ಗರ್ದಿ ನೋಡಿ ವಿಮಾನ ಸಾಲದು ಎನ್ನುವವರಿಗೆ ಉಳಿದ 355 ದಿನದ ಲೆಕ್ಕವೂ ಬೇಕು.

ಅಂತಾರಾಷ್ಟ್ರೀಯ ಎಂಬ ಹಂಬಲ

ಇಷ್ಟರ ಮೇಲೆ ಸಾಂಬ್ರಾ ‘ಅಂತಾರಾಷ್ಟ್ರೀಯ’ ಆಗಲಿ ಎಂಬ ಭಾಷಣ ಆಗಾಗ ಕೇಳಿಬರುತ್ತದೆ. ರಾಜ್ಯದಲ್ಲಿ ಆ ಪಟ್ಟ ಇರುವುದು ಬೆಂಗಳೂರು, ಮಂಗಳೂರಿಗೆ. ಬೆಂಗಳೂರಿನ ದೇವನಹಳ್ಳಿ ನಿಲ್ದಾಣ 2008ರ ಮೇ 24ರಂದು ಶುರುವಾಗಿ 2024-25ರಲ್ಲಿ 4 ಕೋಟಿ 18 ಲಕ್ಷ ಪ್ರಯಾಣಿಕರನ್ನು ಕಂಡಿದೆ. ಎರಡು ಓಡುಹಾದಿ, ಎರಡು ಕಟ್ಟಡ. ಅಂತಾರಾಷ್ಟ್ರೀಯ ಎಂದರೆ ಬೋರ್ಡು ಬದಲಿಸುವುದಲ್ಲ. ಕಸ್ಟಮ್ಸ್ ಬೇಕು, ಪಾಸ್‌ಪೋರ್ಟ್ ನೋಡುವ ಇಮಿಗ್ರೇಶನ್ ಬೇಕು, ಹಗಲಿರುಳು ಸಿಬ್ಬಂದಿ ಬೇಕು. 2,300 ಮೀಟರ್ ಓಡುಹಾದಿಯಲ್ಲಿ ಸಣ್ಣ ಏರ್‌ಬಸ್ ದುಬೈಗೆ ಹಾರಬಹುದೇನೋ, ಮೈತುಂಬ ದೊಡ್ಡ ವಿಮಾನಗಳಿಗೆ ಅದು ಸಾಲದು. ಮೇಲಾಗಿ ಮೂರು ತಾಸಿನ ದಾರಿಯಲ್ಲಿ ಗೋವಾ ಎರಡು ಕದ ತೆರೆದು ಕೂತಿರುವಾಗ ಯಾವ ಕಂಪನಿ ಸಾಂಬ್ರಾಕ್ಕೆ ಬಂದೀತು?

ಸರಕಿನ ಮಾತೂ ಹೀಗೆಯೇ. ಬೆಳಗಾವಿ ಮಾರ್ಕೆಟ್ಟಿನ ತರಕಾರಿ ನಸುಕಿನಲ್ಲೇ ಲಾರಿ ಏರಿ ಘಟ್ಟ ಇಳಿದು ಗೋವಾದ ಅಡಿಗೆಮನೆ ಸೇರುತ್ತದೆ. ಗೆಣಸು ಲಾರಿಯಲ್ಲೇ ದಿಲ್ಲಿ ಕಾಣುತ್ತದೆ. ಫೌಂಡ್ರಿಯ ಎರಕದ ಮಾಲು ಟನ್ನುಗಟ್ಟಲೆ ತೂಗುವಂಥದು, ಖಾನಾಪುರದ ಮಣ್ಣಿನ ಹೆಂಚು, ಕುಂಬಾರಿಕೆಯ ಸಾಮಾನು ಕೂಡ ಅಷ್ಟೇ. ಇವಕ್ಕೆಲ್ಲ ವಿಮಾನದ ಬಾಡಿಗೆ ಕೊಡುವವರಾರು? ಹತ್ತರಗಿಯ ಎಕಸ್ ಎಸ್‌ಇಝಡ್‌ನಲ್ಲಿ ಏರ್‌ಬಸ್, ಬೋಯಿಂಗ್‌ಗಳಿಗೇ ಬಿಡಿಭಾಗ ತಯಾರಾಗುತ್ತವೆ. ಇಂಥಲ್ಲಿಗೆ ಬಂದು ಹೋಗುವ ಎಂಜಿನಿಯರು, ಖರೀದಿದಾರರು ಸಾಂಬ್ರಾದ ನಿಜವಾದ ಗಿರಾಕಿ. ಅವರಿಗೆ ಬೇಕಾದದ್ದು ಬೆಂಗಳೂರು, ಮುಂಬೈ, ದಿಲ್ಲಿ, ಹೈದರಾಬಾದಿಗೆ ನಂಬಿ ಕೂರಬಹುದಾದ ವಿಮಾನ. ಅಲ್ಲಿಂದ ಮುಂದೆ ಜಗತ್ತಿನ ಯಾವ ಮೂಲೆಗಾದರೂ ಅವರು ಹೋಗಿಯಾರು.

ಆದ್ದರಿಂದ ಹೊಸ ಮನವಿಪತ್ರ ಬರೆಯುವವರು ಊರುಗಳ ಪಟ್ಟಿಯನ್ನು ಚಿಕ್ಕದು ಮಾಡಿ, ಹೊತ್ತಿನ ಮಾತನ್ನು ದೊಡ್ಡದು ಮಾಡುವುದು ಲೇಸು. ಬೆಂಗಳೂರಿಗೆ, ಮುಂಬೈಗೆ ಬೆಳಗ್ಗೆ ಒಂದು, ಸಂಜೆ ಒಂದು ವಿಮಾನ, ಅದೂ ವರ್ಷವಿಡೀ. ವಾಯವ್ಯ ಸಾರಿಗೆಯವರು ಆ ಎರಡು ಹೊತ್ತಿಗೆ ಹೊಂದಿಸಿ ಖಾನಾಪುರದಿಂದ ಸಾಂಬ್ರಾಕ್ಕೆ ನೇರ ಬಸ್ಸು ಬಿಟ್ಟು ನೋಡಲಿ. ಇದಕ್ಕೆ 322 ಕೋಟಿ ಬೇಡ, ಒಂದು ಬಸ್ಸು, ಇಬ್ಬರು ಡ್ರೈವರು ಸಾಕು. ಬಸ್ಸು ಖಾಲಿ ಓಡಿದರೆ ನಿಲ್ಲಿಸಲಿ. ಕನಿಷ್ಠ ಖಾನಾಪುರದವರಿಗೆ ವಿಮಾನ ಬೇಕೋ ಬೇಡವೋ ಎಂಬುದಾದರೂ ಗೊತ್ತಾದೀತು.

ವಿಮಾನದ ವೇಳಾಪಟ್ಟಿ ವರ್ಷಕ್ಕೆ ಎರಡು ಸಲ ಬದಲಾಗುತ್ತದೆ, ಮಾರ್ಚ್‌ನ ಕೊನೆಯ ರವಿವಾರ ಮತ್ತು ಅಕ್ಟೋಬರ್‌ನ ಕೊನೆಯ ರವಿವಾರ. ಯಾವ ಮಾರ್ಗ ಬರುತ್ತದೆ, ಯಾವುದು ಹೋಗುತ್ತದೆ ಎಂಬುದು ಬಹುತೇಕ ಆಗಲೇ ತೀರ್ಮಾನವಾಗುವುದು. ಕಂಪನಿಗಳು ತಮ್ಮ ಹೊತ್ತನ್ನು ಗೊತ್ತುಮಾಡುವುದು ಅದಕ್ಕೂ ತಿಂಗಳುಗಳ ಮೊದಲು. ಮನವಿಪತ್ರಗಳು ಸಾಮಾನ್ಯವಾಗಿ ಸಾಂಬ್ರಾದಿಂದ ಒಂದು ವಿಮಾನ ಹೋದ ಮರುವಾರ ತಯಾರಾಗುತ್ತವೆ.